ರಜೆಯ ಚಿತ್ರಗಳಿಂದ ಕ್ಯಾಲೆಂಡರ್ ಮತ್ತು ಚಿತ್ರಪುಸ್ತಕ: ಮುದ್ರಣದ ಅಳತೆಯಿಂದ ಆರಂಭಿಸಿ

ಪ್ರಶ್ನೆ: ದಸರಾ ರಜೆಗೆ ಬೆಂಗಳೂರು ಮತ್ತು ಹುಬ್ಬಳ್ಳಿಯಿಂದ ಅಣ್ಣ-ತಮ್ಮಂದಿರ ಕುಟುಂಬಗಳು ಗಂಗಾವತಿಯ ನಮ್ಮ ಮನೆಗೆ ಬಂದಿದ್ದವು. ಎಲ್ಲರೂ ಸೇರಿ ಅಂಜನಾದ್ರಿ, ಇಟಗಿ, ಮಸ್ಕಿ ಮತ್ತು ರಾಯಚೂರಿನ ಕೋಟೆಯನ್ನು ನೋಡಿ ಬಂದೆವು. ನಾಲ್ಕೈದು ಮೊಬೈಲುಗಳಲ್ಲಿ ಸಾವಿರದಷ್ಟು ಚಿತ್ರಗಳಿವೆ. ಇವುಗಳಿಂದ ಒಂದು ಗೋಡೆ ಕ್ಯಾಲೆಂಡರ್, ಒಂದು ಚಿತ್ರಪುಸ್ತಕ ಮಾಡಿಸಿ 2026ರ ಯುಗಾದಿಗೆ ಮನೆಯ ಹಿರಿಯರಿಗೆ ಕೊಡಬೇಕೆಂದಿದ್ದೇನೆ. ಯಾವ ಸಾಫ್ಟ್‌ವೇರ್ ಬಳಸಬೇಕು? ಹಿಂದೊಮ್ಮೆ ಪ್ರಯತ್ನಿಸಿದಾಗ ಕನ್ನಡದ ಒತ್ತಕ್ಷರಗಳು ಒಡೆದುಹೋದವು, ಮುದ್ರಣವೂ ಕಪ್ಪಾಗಿ ಬಂತು.

ಉತ್ತರ: ನೀವು ಸಾಫ್ಟ್‌ವೇರ್ ಬಗ್ಗೆ ಕೇಳಿದ್ದೀರಿ. ಆದರೆ ಅದನ್ನು ಆರಿಸುವ ಮೊದಲು ಯಾವ ಅಳತೆಯ ಕಾಗದದಲ್ಲಿ, ಯಾವ ಯಂತ್ರದಲ್ಲಿ, ಯಾವ ಬೈಂಡಿಂಗ್‌ನಲ್ಲಿ ನಿಮ್ಮ ಕೆಲಸ ಹೊರಬರುತ್ತದೆ ಎಂಬುದು ನಿಶ್ಚಯವಾಗಬೇಕು. ಚಿತ್ರ ಎಷ್ಟು ದೊಡ್ಡದಿರಬೇಕು, ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಕಡತವನ್ನು ಯಾವ ರೂಪದಲ್ಲಿ ಕೊಡಬೇಕು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಬರುತ್ತದೆ. ಪರದೆಯ ಮೇಲೆ ಅಂದವಾಗಿ ವಿನ್ಯಾಸ ಮಾಡಿ ಮುಗಿಸಿ, ಆಮೇಲೆ ಅಂಗಡಿಗೆ ಹೋದವರು ಅರ್ಧ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಆದ್ದರಿಂದ ಮೊದಲು ಗಂಗಾವತಿಯಲ್ಲಾಗಲಿ, ಕೊಪ್ಪಳ ಅಥವಾ ಬಳ್ಳಾರಿಯಲ್ಲಾಗಲಿ ನೀವು ನಂಬುವ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ಹೋಗಿ ಕುಳಿತು ಮಾತಾಡಿ. ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ 12×18 ಅಥವಾ 13×19 ಇಂಚಿನ ಹಾಳೆ ಓಡುತ್ತದೆ. 13×19ರ ಹಾಳೆ ಸಿಗುವುದಾದರೆ ಅಂಚು ಕತ್ತರಿಸಿದ ಮೇಲೆ 12×18 ಇಂಚಿನ ಗೋಡೆ ಕ್ಯಾಲೆಂಡರ್ ಚೆನ್ನಾಗಿ ಹೊಂದುತ್ತದೆ. 12×18ರದ್ದು ಮಾತ್ರ ಇದ್ದರೆ ಎ3, ಅಂದರೆ 297×420 ಮಿಲಿಮೀಟರ್ ಅಳತೆಗೆ ಇಳಿಯುವುದು ಲೇಸು. ಅಂಚಿನಲ್ಲಿ ಉಳಿಯುವ ಜಾಗ ಸ್ವಲ್ಪವೇ ಆದ್ದರಿಂದ ಅದು ಸಾಕೇ ಎಂದೂ ಕೇಳಿಕೊಳ್ಳಿ. ಪುಸ್ತಕವನ್ನು ಮಧ್ಯದಲ್ಲಿ ಪಿನ್ ಹೊಡೆದು ಮಾಡಿಸುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು: 32, 36, 40 ಹೀಗೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೋಗಳಲ್ಲಿ ಸಿಗುವ ಕರಿಜ್ಮಾ ಮಾದರಿಯಲ್ಲಿ ಎರಡು ಪುಟಗಳು ಒಂದೇ ಹಾಳೆಯಾಗಿ ಸಮತಟ್ಟಾಗಿ ತೆರೆದುಕೊಳ್ಳುತ್ತವೆ. ಅದಕ್ಕೆ ಖರ್ಚು ಹೆಚ್ಚು, ಆದರೆ ನಡುವಿನ ಮಡಿಕೆಯಲ್ಲಿ ಮುಖಗಳು ನುಂಗಿಹೋಗುವುದಿಲ್ಲ. ಪ್ರತಿ ಅಂಚಿನಲ್ಲಿ ಎಷ್ಟು ಬ್ಲೀಡ್ ಬೇಕು, ಕಡತ ಪಿಡಿಎಫ್ ಆಗಿರಬೇಕೋ ಜೆಪೆಗ್ ಆಗಿರಬೇಕೋ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಬ್ಲೀಡ್ ಎಂದರೆ ಕತ್ತರಿಸುವ ಗೆರೆಯನ್ನು ದಾಟಿ ಚಿತ್ರ ಹಬ್ಬಿರುವ ಭಾಗ. ಅದು ಸಾಮಾನ್ಯವಾಗಿ 3 ಮಿಲಿಮೀಟರ್ ಇರುತ್ತದೆ. ಅದಿಲ್ಲದಿದ್ದರೆ ಕತ್ತರಿ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ.

ಅಳತೆ ತಿಳಿದ ಮೇಲೆ ಪಿಕ್ಸೆಲ್‌ಗಳ ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಪುಸ್ತಕಕ್ಕೆ ಇಂಚಿಗೆ 300 ಪಿಕ್ಸೆಲ್ ಇಟ್ಟುಕೊಳ್ಳಿ. ಎ4 ಪುಟ ತುಂಬಲು 2480×3508, 12×18 ಇಂಚಿಗೆ 3600×5400 ಪಿಕ್ಸೆಲ್ ಬೇಕಾಗುತ್ತದೆ. ಗೋಡೆಯ ಕ್ಯಾಲೆಂಡರನ್ನು ನಾಲ್ಕು ಹೆಜ್ಜೆ ದೂರದಿಂದ ನೋಡುವುದರಿಂದ ಇಂಚಿಗೆ 200 ಇದ್ದರೂ ಕಣ್ಣಿಗೆ ಕೊರತೆ ಕಾಣುವುದಿಲ್ಲ. 12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರ ಸುಮಾರು 4000×3000 ಪಿಕ್ಸೆಲ್ ಇರುವುದರಿಂದ ಸಾಧಾರಣವಾಗಿ ಸಾಕಾಗುತ್ತದೆ. ಬೆರಳಿನಿಂದ ಜೂಮ್ ಮಾಡಿ ತೆಗೆದ ಚಿತ್ರಗಳು ಮಾತ್ರ ಸಾಲವು, ಏಕೆಂದರೆ ಬಹುಪಾಲು ಮೊಬೈಲುಗಳಲ್ಲಿ ಒಂದು ಮಿತಿಯಾಚೆಯ ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

ಇಲ್ಲಿಯೇ ಹೆಚ್ಚಿನ ಮನೆಗಳ ಕೆಲಸ ಕೆಡುವುದು. ನಾಲ್ಕೈದು ಮೊಬೈಲುಗಳ ಚಿತ್ರಗಳನ್ನು ಒಟ್ಟುಗೂಡಿಸಲು ಎಲ್ಲರೂ ವಾಟ್ಸಾಪ್ ಗುಂಪನ್ನೇ ಬಳಸುತ್ತಾರೆ. ಸಾಮಾನ್ಯ ರೀತಿಯಲ್ಲಿ ಕಳಿಸಿದಾಗ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ, ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. 300ರ ಲೆಕ್ಕದಲ್ಲಿ ಅದು ಐದೂವರೆ ಇಂಚು ದಾಟುವುದಿಲ್ಲ. ಜೊತೆಗೆ ಚಿತ್ರ ತೆಗೆದ ದಿನ ಮತ್ತು ವೇಳೆಯ ದಾಖಲೆಯೂ ಅಳಿಸಿಹೋಗುತ್ತದೆ, ಹಾಗಾಗಿ ಅಂಜನಾದ್ರಿಯ ಮೆಟ್ಟಿಲು ಹತ್ತುವ ಮುಂಚಿನ ಚಿತ್ರ ಯಾವುದು, ಇಳಿದ ಮೇಲಿನದು ಯಾವುದು ಎಂದು ಆಮೇಲೆ ತಿಳಿಯದು. ಹುಬ್ಬಳ್ಳಿ-ಬೆಂಗಳೂರಿನವರಿಗೆ ಚಿತ್ರಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಆಗ ಮೂಲ ಕಡತವೇ ಬರುತ್ತದೆ. ಗೂಗಲ್ ಡ್ರೈವ್‌ಗೆ ಹಾಕಿದರೂ ಸರಿ, ಊರಿಗೆ ಬಂದಾಗ ಪೆನ್‌ಡ್ರೈವ್‌ನಲ್ಲಿ ತಂದರೆ ಇನ್ನೂ ಒಳ್ಳೆಯದು. ಪ್ರತಿಯೊಬ್ಬರ ಚಿತ್ರಗಳನ್ನೂ ಅವರವರ ಹೆಸರಿನ ಫೋಲ್ಡರಿನಲ್ಲಿ ಇಟ್ಟು, ಇಡೀ ಸಂಗ್ರಹದ ಒಂದು ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ಹಾಕಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿ.

ಸಾವಿರ ಚಿತ್ರಗಳಿಂದ ಎಂಬತ್ತಕ್ಕೆ ಇಳಿಯುವುದು ಈ ಇಡೀ ಕೆಲಸದ ಹೃದಯಭಾಗ. ಅದಕ್ಕೆ ಕೊಟ್ಟ ಸಮಯ ಎಂದೂ ವ್ಯರ್ಥವಾಗದು. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಗಳಿಗೆ ನಕ್ಷತ್ರಗಳನ್ನು ಕೊಟ್ಟು, ದಿನ ಮತ್ತು ವೇಳೆಯ ಪ್ರಕಾರ ಸಾಲಾಗಿ ನೋಡಬಹುದು. ಮೊದಲ ಸುತ್ತಿನಲ್ಲಿ ಮಸುಕಾದವು ಮತ್ತು ಒಂದರಂತೆ ಇನ್ನೊಂದಿರುವವು ಹೋಗಲಿ. ಎರಡನೆಯ ಸುತ್ತಿನಲ್ಲಿ ಒಂದು ಪ್ರಶ್ನೆಯನ್ನು ಕಟ್ಟುನಿಟ್ಟಾಗಿ ಕೇಳಿಕೊಳ್ಳಿ: ಈ ಚಿತ್ರವನ್ನು ನಮ್ಮ ಮನೆಯವರಲ್ಲದೆ ಬೇರೆ ಯಾರಾದರೂ ತೆಗೆಯಲು ಸಾಧ್ಯವಿತ್ತೇ? ಇಟಗಿಯ ಮಹಾದೇವ ದೇವಾಲಯದ ಪೂರ್ಣ ನೋಟದ ಚಿತ್ರ ನಿಮಗಿಂತ ಚೆನ್ನಾಗಿ ತೆಗೆದವರು ಬಹಳ ಮಂದಿ ಇದ್ದಾರೆ. ಆದರೆ ಆ ಕಂಬದ ನುಣುಪನ್ನು ಅಂಗೈಯಿಂದ ಸವರಿ ನೋಡುತ್ತಿರುವ ನಿಮ್ಮ ಚಿಗವ್ವನ ಚಿತ್ರ, ಅಂಜನಾದ್ರಿಯ 575 ಮೆಟ್ಟಿಲುಗಳ ನಡುವೆ ನೆರಳು ಕಂಡಲ್ಲಿ ಕುಳಿತುಬಿಟ್ಟ ಕಾಕಾನ ಚಿತ್ರ, ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಹಂಚುತ್ತಿರುವ ಕೈಗಳ ಚಿತ್ರ ಇನ್ನೆಲ್ಲಿಯೂ ಸಿಗುವುದಿಲ್ಲ. ಗುಡಿ-ಕೋಟೆಗಳ ಚಿತ್ರ ಊರಿಗೊಂದರಂತೆ ಇರಲಿ. ಓದುವವರಿಗೆ ಎಲ್ಲಿದ್ದೇವೆ ಎಂದು ತಿಳಿಯಲು ಅಷ್ಟು ಸಾಕು.

ಆಯ್ಕೆ ಮುಗಿದ ಮೇಲೆ ಮನೆಯ ಪ್ರತಿಯೊಬ್ಬರೂ ಕನಿಷ್ಠ ಎರಡು ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತಾರೆಯೇ ಎಂದು ಪಟ್ಟಿ ಹಿಡಿದು ನೋಡಿ. ಹೆಚ್ಚು ಚಿತ್ರ ತೆಗೆದವರು ಚಿತ್ರಗಳಲ್ಲಿ ಇರುವುದೇ ಇಲ್ಲ, ಅಡುಗೆಮನೆಯಲ್ಲಿ ನಿಂತವರೂ ಹಾಗೆಯೇ ಬಿಟ್ಟುಹೋಗುತ್ತಾರೆ. ಹಿರಿಯರು ಪುಸ್ತಕ ತೆರೆದಾಗ ಮೊದಲು ಹುಡುಕುವುದು ಯಾರು ಇಲ್ಲ ಎಂಬುದನ್ನೇ. ಕ್ಯಾಲೆಂಡರಿಗೆ ಆರಿಸುವ ಚಿತ್ರಗಳಿಗೆ ಇನ್ನೊಂದು ಪರೀಕ್ಷೆ ಇದೆ. ಅದು ಗೋಡೆಯ ಮೇಲೆ ಒಂದು ತಿಂಗಳು ನಿಲ್ಲಬೇಕು. ಇಪ್ಪತ್ತು ಜನ ಸಾಲಾಗಿ ನಿಂತ ಗುಂಪು ಚಿತ್ರ ಪುಸ್ತಕಕ್ಕೆ ಬೇಕೇ ಬೇಕು, ಆದರೆ ಗೋಡೆಯ ಮೇಲೆ ಅದರಲ್ಲಿ ಮುಖಗಳು ಕಾಣುವುದಿಲ್ಲ. ಒಬ್ಬರೋ ಇಬ್ಬರೋ ಇರುವ, ಹಿನ್ನೆಲೆ ಸರಳವಾಗಿರುವ ಚಿತ್ರಗಳು ಅಲ್ಲಿ ಬಾಳುತ್ತವೆ.

ಚಿತ್ರದಡಿಯ ಬರಹವನ್ನು ಈ ಹಂತದಲ್ಲಿಯೇ, ಅಂದರೆ ಪುಟ ಜೋಡಿಸುವ ಮೊದಲೇ ಬರೆದಿಟ್ಟುಕೊಳ್ಳಿ. ಎರಡು ಸಾಲು ದಾಟಬಾರದು. ಯಾರು, ಎಲ್ಲಿ, ಆ ಕ್ಷಣದಲ್ಲಿ ಏನು ನಡೆದಿತ್ತು ಎಂಬುದನ್ನು ನಿಮ್ಮ ಮನೆಯಲ್ಲಿ ಕರೆಯುವ ಸಂಬಂಧದ ಹೆಸರುಗಳಲ್ಲಿಯೇ ಬರೆಯಿರಿ. ‘ಸುಂದರ ಕ್ಷಣಗಳು’, ‘ಸವಿ ನೆನಪು’ ಎಂಬಂಥ ಸಿದ್ಧ ಸಾಲುಗಳು ಯಾವ ಮನೆಯ ಆಲ್ಬಮ್ಮಿಗಾದರೂ ಹೊಂದುವುದರಿಂದ ನಿಮ್ಮದಕ್ಕೆ ಏನನ್ನೂ ಕೊಡವು. ಸ್ಥಳದ ವಿವರ ಹಾಕುವುದಾದರೆ ಖಚಿತವಾದುದನ್ನಷ್ಟೇ ಹಾಕಿ. ಇಟಗಿಯ ಗುಡಿಯನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದನು, ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಮಸ್ಕಿಯ ಬಂಡೆ ಶಾಸನ 1915ರಲ್ಲಿ ಬೆಳಕಿಗೆ ಬಂತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂದು ದೃಢಪಟ್ಟಿದ್ದು ಅದರಲ್ಲಿರುವ ಹೆಸರಿನಿಂದ. ಮಕ್ಕಳಿರುವ ಮನೆಯ ಪುಸ್ತಕದಲ್ಲಿ ಇಂಥ ಒಂದೊಂದು ಸಾಲು ಬಹಳ ಕೆಲಸ ಮಾಡುತ್ತದೆ.

ಈಗ ಸಾಫ್ಟ್‌ವೇರ್. ಫೋಟೊಶಾಪ್ ಚಿತ್ರ ತಿದ್ದುವುದಕ್ಕೆ ಶ್ರೇಷ್ಠ, ಆದರೆ ನಲವತ್ತು ಪುಟಗಳ ಪುಸ್ತಕ ಜೋಡಿಸಲು ಅದು ಮಾಡಿದ್ದಲ್ಲ. ಕ್ಯಾನ್ವಾ ಕಲಿಯಲು ಸುಲಭ, ಸಿದ್ಧ ವಿನ್ಯಾಸಗಳಿವೆ, ಬ್ಲೀಡ್ ಮತ್ತು ಕತ್ತರಿಸುವ ಗುರುತುಗಳೊಂದಿಗೆ ಪಿಡಿಎಫ್ ಕೊಡುತ್ತದೆ. ಕ್ಯಾಲೆಂಡರ್ ಒಂದನ್ನೇ ಮಾಡುವುದಾದರೆ ನಾನು ಅದನ್ನೇ ಹೇಳುತ್ತಿದ್ದೆ. ಎರಡನ್ನೂ ಮಾಡುವ ನಿಮಗೆ ನನ್ನ ಸಲಹೆ ಸ್ಕ್ರೈಬಸ್ ಎಂಬ ಪುಟ ಜೋಡಿಸುವ ತಂತ್ರಾಂಶ. ಅದು ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ, ಮಕ್ಕಳ ಚಿತ್ರಗಳು ನಿಮ್ಮ ಗಣಕದಿಂದ ಹೊರಗೆ ಹೋಗುವುದಿಲ್ಲ, ಮುದ್ರಣಕ್ಕೆ ಬೇಕಾದ ಪಿಡಿಎಫ್ ಅನ್ನು ಸರಿಯಾಗಿ ಕೊಡುತ್ತದೆ. ಚಿತ್ರ ತಿದ್ದಲು ಜಿಂಪ್ ಸಾಕು. ಸ್ಕ್ರೈಬಸ್ ಚಿತ್ರಗಳನ್ನು ತನ್ನ ಕಡತದೊಳಗೆ ಇಟ್ಟುಕೊಳ್ಳದೆ ಅವು ಇರುವ ಜಾಗವನ್ನಷ್ಟೇ ನೆನಪಿಡುತ್ತದೆ ಎಂಬುದನ್ನು ಮರೆಯಬೇಡಿ. ನಡುವೆ ಫೋಲ್ಡರ್ ಸರಿಸಿದರೆ ಪುಟಗಳು ಖಾಲಿಯಾಗುತ್ತವೆ. ಬೇರೆ ಗಣಕಕ್ಕೆ ಒಯ್ಯುವಾಗ ಫೈಲ್ ಮೆನುವಿನ ‘ಕಲೆಕ್ಟ್ ಫಾರ್ ಔಟ್‌ಪುಟ್’ ಬಳಸಿದರೆ ಚಿತ್ರ, ಫಾಂಟ್ ಎಲ್ಲವೂ ಒಂದೆಡೆ ಸೇರುತ್ತವೆ. ಅಂಗಡಿಯವರು ಕೋರಲ್‌ಡ್ರಾ ಬಳಸುತ್ತಿದ್ದರೂ ಚಿಂತೆಯಿಲ್ಲ, ಅವರಿಗೆ ಬೇಕಾದದ್ದು ನಿಮ್ಮ ಪಿಡಿಎಫ್.

ಒತ್ತಕ್ಷರಗಳು ಒಡೆದದ್ದಕ್ಕೆ ಎರಡು ಕಾರಣಗಳಿರಬಹುದು. ನಮ್ಮ ಭಾಗದ ಡಿಟಿಪಿ ಕೇಂದ್ರಗಳಲ್ಲಿ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳು ಇಂದಿಗೂ ಬಳಕೆಯಲ್ಲಿವೆ. ಅವು ಯೂನಿಕೋಡ್, ಅಂದರೆ ಎಲ್ಲ ಗಣಕ-ಮೊಬೈಲುಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ ವ್ಯವಸ್ಥೆಯವು ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಮೊಬೈಲಿನಲ್ಲಿ ಬರೆದ ಯೂನಿಕೋಡ್ ಪಠ್ಯಕ್ಕೆ ಆ ಫಾಂಟ್ ಹಾಕಿದರೆ ಅಕ್ಷರಗಳು ಮೂಡುವುದೇ ಇಲ್ಲ, ಪುಟ ಜೋಡಣೆಯ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿಗಂತೂ ಯೂನಿಕೋಡ್ ಗೊತ್ತೇ ಇಲ್ಲ. ಎರಡನೆಯ ಕಾರಣ ಸಾಫ್ಟ್‌ವೇರಿನದು. ‘ಷ್ಟ್ರ’, ‘ಸ್ತ್ರೀ’ಗಳಂಥ ಅಕ್ಷರಗಳನ್ನು ಕೂಡಿಸಿ ತೋರಿಸುವ ಸಾಮರ್ಥ್ಯ ಅದರಲ್ಲಿರಬೇಕು. ಸ್ಕ್ರೈಬಸ್‌ನ 1.4 ಆವೃತ್ತಿಗೆ ಅದು ಇರಲಿಲ್ಲ, 1.6ಕ್ಕೆ ಇದೆ; ಆದ್ದರಿಂದ ಹಳೆಯ ಆವೃತ್ತಿ ಇದ್ದರೆ ತೆಗೆದುಹಾಕಿ. ಫೋಟೊಶಾಪ್‌ನ ಹಿಂದಿನ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದೊಳಗೆ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಯನ್ನು ಒತ್ತಿ, ಮತ್ತೆ ತೆರೆದು ಹೊಸ ಕಡತ ಮಾಡಬೇಕು.

ಫಾಂಟಿಗೆ ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2 ಇವುಗಳಲ್ಲಿ ಎರಡನ್ನು ಮಾತ್ರ ಆರಿಸಿ, ಒಂದು ಶೀರ್ಷಿಕೆಗೆ, ಇನ್ನೊಂದು ಬರಹಕ್ಕೆ. ಮೂರೂ ಉಚಿತ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಇಂಗ್ಲಿಷಿನ ಲೆಕ್ಕದಲ್ಲಿ ಬಿಡಬೇಡಿ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಹೀಗಾಗಿ 12 ಪಾಯಿಂಟ್ ಅಕ್ಷರಕ್ಕೆ ಕನಿಷ್ಠ 17 ಅಥವಾ 18 ಪಾಯಿಂಟ್ ಅಂತರ ಬೇಕು. ಪುಸ್ತಕವನ್ನು ಓದುವವರು ಹಿರಿಯರಾದ್ದರಿಂದ ಅಕ್ಷರ 14 ಪಾಯಿಂಟ್ ಇದ್ದರೆ ಅವರಿಗೆ ಉಪಕಾರ. ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೇ ಸೇರಿಸುವ ಆಯ್ಕೆ ಕೊಡಿ, ಇಲ್ಲವೇ ಅಕ್ಷರಗಳನ್ನು ರೇಖಾಕೃತಿಗಳಾಗಿ ಬದಲಿಸಿ. ಅಂಗಡಿಯವರು ಇದನ್ನೇ ‘ಕರ್ವ್ ಮಾಡಿ ಕೊಡ್ರಿ’ ಎನ್ನುವುದು. ಕರ್ವ್ ಮಾಡಿದ ಮೇಲೆ ತಪ್ಪು ತಿದ್ದಲು ಬರುವುದಿಲ್ಲ, ಆದ್ದರಿಂದ ತಿದ್ದಬಹುದಾದ ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಚಿತ್ರಗಳನ್ನು ತಿದ್ದುವಾಗ ನಮ್ಮ ಬಿಸಿಲನ್ನು ನೆನಪಿಡಬೇಕು. ರಾಯಚೂರು ಕೋಟೆಯಲ್ಲಿ ಮಧ್ಯಾಹ್ನ ತೆಗೆದ ಚಿತ್ರದಲ್ಲಿ ಗೋಡೆ ಬಿಳಿಚಿ, ತಲೆಗೆ ಸೆರಗು ಹೊದ್ದವರ ಮುಖ ಕತ್ತಲಾಗಿರುತ್ತದೆ. ಜಿಂಪ್‌ನ ‘ಶ್ಯಾಡೋಸ್-ಹೈಲೈಟ್ಸ್’ ಉಪಕರಣದಿಂದ ನೆರಳನ್ನು ಸ್ವಲ್ಪ ಎತ್ತಿ, ಹೊಳಪನ್ನು ಇಳಿಸಿದರೆ ಮುಖ ಮರಳಿ ಬರುತ್ತದೆ. ಪೂರ್ಣ ಬಿಳಿಯಾಗಿಹೋದ ಆಕಾಶವನ್ನು ಮಾತ್ರ ಯಾವ ಉಪಕರಣವೂ ತಂದುಕೊಡದು, ಅದನ್ನು ಕತ್ತರಿಸಿ ಚಿತ್ರವನ್ನು ಅಡ್ಡಲಾಗಿಸುವುದು ಉತ್ತಮ. ಇಟಗಿಯ ಒಳಗುಡಿಯದು ಇದಕ್ಕೆ ವಿರುದ್ಧ ಸಂಗತಿ: ಆ ಕಪ್ಪು ಕಲ್ಲನ್ನು ಕಂಡ ಮೊಬೈಲ್ ಇಡೀ ಚಿತ್ರವನ್ನು ಬೆಳಕಾಗಿಸಿ ಕಲ್ಲನ್ನು ಬೂದಿ ಬಣ್ಣಕ್ಕೆ ತಂದಿರುತ್ತದೆ. ಅಲ್ಲಿ ಒಟ್ಟು ಬೆಳಕನ್ನು ಇಳಿಸಿ. ಮೈಬಣ್ಣವನ್ನು ತಿಳಿಗೊಳಿಸುವ, ಚರ್ಮವನ್ನು ನುಣುಪಾಗಿಸುವ ಫಿಲ್ಟರುಗಳನ್ನು ದಯವಿಟ್ಟು ಬಳಸಬೇಡಿ. ಅಜ್ಜನ ಮುಖದ ಗೆರೆಗಳನ್ನು ಅಳಿಸಿದರೆ ಅದು ಅವರ ಚಿತ್ರವಾಗಿ ಉಳಿಯುವುದಿಲ್ಲ.

ಪುಟ ಜೋಡಣೆಯಲ್ಲಿ ಹೂಬಳ್ಳಿ, ಚೌಕಟ್ಟು, ನೆರಳುಗಳ ಆಸೆ ಬಿಡಿ. ಒಂದು ಪುಟದಲ್ಲಿ ಒಂದು ದೊಡ್ಡ ಚಿತ್ರ, ಎದುರು ಪುಟದಲ್ಲಿ ಮೂರು ಚಿಕ್ಕವು ಮತ್ತು ಬರಹ, ಇಂಥ ಎರಡು ಮೂರು ಮಾದರಿಗಳನ್ನೇ ಪುಸ್ತಕದುದ್ದಕ್ಕೂ ಬಳಸಿ. ಬಣ್ಣ ಬೇಕೆನಿಸಿದರೆ ನಿಮ್ಮಲ್ಲಿರುವ ಕಿನ್ನಾಳದ ಗೊಂಬೆಯೊಂದರ ಚಿತ್ರ ತೆಗೆದು, ಅದರಿಂದ ಒಂದು ಕೆಂಪು, ಒಂದು ಹಳದಿಯನ್ನು ಆರಿಸಿಕೊಂಡು ಶೀರ್ಷಿಕೆಗಳಿಗೆ ಹಾಕಿ. ಮುಖ ಮತ್ತು ಅಕ್ಷರಗಳು ಅಂಚಿನಿಂದ 10 ಮಿಲಿಮೀಟರ್ ಒಳಗಿರಲಿ. ಕ್ಯಾಲೆಂಡರಿನ ಮೇಲಂಚಿನಲ್ಲಿ ವೈರೊ ಬೈಂಡಿಂಗ್‌ಗೆ, ಅಂದರೆ ತೂತುಗಳಲ್ಲಿ ತಂತಿ ಪೋಣಿಸಿ ಕಟ್ಟುವುದಕ್ಕೆ, 15 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ತೂತುಗಳು ಯಾರದಾದರೂ ತಲೆಯ ಮೇಲೆ ಬೀಳುತ್ತವೆ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ, ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೀರಿ ಚಿತ್ರಿಸಿದ್ದಾರೆ. ಅದರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪನೋರಮಾ ತೆಗೆದಿದ್ದರೆ ಎರಡು ಪುಟಗಳಿಗೆ ಹರಡಿ ಹಾಕಬಹುದು, ಆದರೆ ಸಮತಟ್ಟಾಗಿ ತೆರೆಯುವ ಆಲ್ಬಮ್ಮಿನಲ್ಲಿ ಮಾತ್ರ. ಪಿನ್ ಹೊಡೆದ ಪುಸ್ತಕವಾದರೆ ನಟ್ಟನಡುವಿನ ಜೋಡಿ ಪುಟಕ್ಕೆ ಅದನ್ನು ಇಡಿ, ಅದೊಂದೇ ಅಖಂಡ ಹಾಳೆ.

ಯುಗಾದಿಯ ಕ್ಯಾಲೆಂಡರಿನಲ್ಲಿ ಒಂದು ತೊಡಕಿದೆ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ ಬರುತ್ತದೆ, ಅಂದು ಪರಾಭವ ಸಂವತ್ಸರ ಆರಂಭ. ಆ ವರ್ಷ ಅಧಿಕ ಜ್ಯೇಷ್ಠ ಇರುವುದರಿಂದ ಚಾಂದ್ರಮಾನದ ತಿಂಗಳುಗಳು ಹದಿಮೂರಾಗುತ್ತವೆ, ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ ಹೋಗುತ್ತದೆ. ಚೈತ್ರದಿಂದ ಫಾಲ್ಗುಣದವರೆಗೆ ಎಂದು ಹನ್ನೆರಡು ಪುಟ ಹಾಕಿಕೊಂಡರೆ ಲೆಕ್ಕ ತಪ್ಪುತ್ತದೆ. 2026ರ ಏಪ್ರಿಲಿನಿಂದ 2027ರ ಮಾರ್ಚಿನವರೆಗೆ ಹನ್ನೆರಡು ಪುಟ ಮಾಡಿ, ಮುಖಪುಟದಲ್ಲಿ ಮಾರ್ಚಿನ ಕೊನೆಯ ದಿನಗಳನ್ನೂ ಕೊನೆಯ ಪುಟದಲ್ಲಿ ಏಪ್ರಿಲಿನ ಮೊದಲ ವಾರವನ್ನೂ ಸಣ್ಣ ಪಟ್ಟಿಯಾಗಿ ಕೊಡಿ. ಸ್ಕ್ರೈಬಸ್‌ನಲ್ಲಿ ‘ಕ್ಯಾಲೆಂಡರ್ ವಿಝಾರ್ಡ್’ ಎಂಬ ಸ್ಕ್ರಿಪ್ಟ್ ಇದೆ, ಅದು ತಾರೀಕಿನ ಚೌಕಗಳನ್ನು ತಾನೇ ಹಾಕಿಕೊಡುತ್ತದೆ. ವಾರ ಮತ್ತು ತಿಂಗಳ ಹೆಸರುಗಳನ್ನು ಕನ್ನಡದಲ್ಲಿ ನೀವು ತುಂಬಿ. ಹಬ್ಬದ ದಿನಗಳು ಪಂಚಾಂಗದಿಂದ ಪಂಚಾಂಗಕ್ಕೆ ಒಮ್ಮೊಮ್ಮೆ ಒಂದು ದಿನ ಹಿಂದೆ ಮುಂದೆ ಆಗುವುದರಿಂದ ನಿಮ್ಮ ಹಿರಿಯರು ನೋಡುವ ಪಂಚಾಂಗವನ್ನೇ ಅನುಸರಿಸಿ. ಹುಟ್ಟುಹಬ್ಬ, ಮದುವೆಯ ದಿನ, ಮನೆದೇವರ ಜಾತ್ರೆ, ಅಜ್ಜ-ಅಮ್ಮಂದಿರ ತಿಥಿ ಇವುಗಳನ್ನು ಆಯಾ ಚೌಕದಲ್ಲಿ ಬರೆದರೆ ಅಂಗಡಿಯಲ್ಲಿ ಸಿಗುವ ಯಾವ ಕ್ಯಾಲೆಂಡರೂ ಇದರ ಸ್ಥಾನ ತುಂಬಲಾರದು.

ಮುದ್ರಣ ಕಪ್ಪಾಗಿ ಬಂದದ್ದಕ್ಕೆ ಯಂತ್ರ ಕಾರಣವಾಗಿರುವುದು ಅಪರೂಪ. ಪರದೆ ತಾನೇ ಬೆಳಕು ಚೆಲ್ಲುತ್ತದೆ, ಕಾಗದ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪೂರ್ಣ ಬೆಳಕಿನ ಪರದೆಯಲ್ಲಿ ಸರಿಕಂಡ ಚಿತ್ರ ಕಾಗದದಲ್ಲಿ ಮಂಕಾಗುವುದು ಸಹಜ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಎರಡೂ ಒಂದೇ ಬಿಳುಪಾಗಿ ಕಾಣುವಂತೆ ಹೊಂದಿಸಿಕೊಂಡು ತಿದ್ದಿ. ಬಣ್ಣದ ವಿಷಯದಲ್ಲಿ, ಪರದೆ ತೋರಿಸುವ ಚೆಂಡುಹೂವಿನ ಕೇಸರಿ, ರೇಷ್ಮೆ ಸೀರೆಯ ಕಡು ನೀಲಿ, ಹಚ್ಚ ಹಸಿರುಗಳನ್ನು ನಾಲ್ಕು ಶಾಯಿಗಳ ಸಿಎಂವೈಕೆ ಮುದ್ರಣ ಪೂರ್ತಿಯಾಗಿ ತರಲಾರದು. ಚಿತ್ರಗಳನ್ನು ಪರದೆಗಳ ಸಾಮಾನ್ಯ ಬಣ್ಣದ ರೂಪವಾದ ಎಸ್‌ಆರ್‌ಜಿಬಿಯಲ್ಲಿಯೇ ಇಟ್ಟು, ಪರಿವರ್ತನೆಯನ್ನು ಅಂಗಡಿಯ ಯಂತ್ರಕ್ಕೆ ಬಿಡುವುದು ನಿಮ್ಮಂಥವರಿಗೆ ಸುರಕ್ಷಿತ ದಾರಿ. ಅಕ್ಷರಗಳ ಕಪ್ಪು ಮಾತ್ರ ಶುದ್ಧ ಕಪ್ಪು ಶಾಯಿಯೊಂದರಿಂದಲೇ ಆಗಿರಲಿ. ನಾಲ್ಕು ಶಾಯಿ ಸೇರಿದ ಕಪ್ಪು ಸ್ವಲ್ಪ ಸರಿದರೂ ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ.

ಎಲ್ಲವೂ ಮುಗಿದ ಮೇಲೆ ಪೂರ್ಣ ಸಂಖ್ಯೆಯ ಪ್ರತಿಗಳನ್ನು ಒಮ್ಮೆಗೇ ಹೇಳಬೇಡಿ. ಬಿಸಿಲಿನದು, ಒಳಗುಡಿಯದು, ಸಂಜೆಯದು ಹೀಗೆ ಆರು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಕೂರಿಸಿ, ಕೊನೆಗೆ ಬಳಸುವ ಕಾಗದದಲ್ಲಿಯೇ ಒಂದು ಪ್ರೂಫ್ ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ಅದು ಸರಿಯೆನಿಸಿದ ಮೇಲೆ ಒಂದು ಪೂರ್ಣ ಪ್ರತಿ ಕಟ್ಟಿಸಿ, ಹೆಸರು, ಸಂಬಂಧ, ತಾರೀಕುಗಳನ್ನು ಮನೆಯ ಇನ್ನೊಬ್ಬರಿಂದ ಓದಿಸಿ. ಕ್ಯಾಲೆಂಡರಿಗೆ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಆರ್ಟ್ ಪೇಪರ್, ಪುಸ್ತಕದ ಹೊದಿಕೆಗೆ 300 ಜಿಎಸ್‌ಎಂ ಕಾರ್ಡ್ ಮತ್ತು ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ. ಹೊಳಪಿನ ಲ್ಯಾಮಿನೇಷನ್ ಮೇಲೆ ಬೆರಳಿನ ಗುರುತು ಬೀಳುತ್ತದೆ, ದೀಪದ ಬೆಳಕು ಪ್ರತಿಫಲಿಸಿ ಹಿರಿಯರಿಗೆ ನೋಡಲು ತೊಂದರೆಯಾಗುತ್ತದೆ. ಹಬ್ಬದ ಮುಂಚಿನ ವಾರಗಳಲ್ಲಿ ಅಂಗಡಿಗಳಿಗೆ ಲಗ್ನಪತ್ರಿಕೆ ಮತ್ತು ಜಾತ್ರೆಯ ಕೆಲಸಗಳು ಸೇರಿಬರುವುದರಿಂದ ಪ್ರೂಫ್ ಹಾಳೆಯನ್ನು ಫೆಬ್ರವರಿಯ ಮೊದಲ ವಾರದಲ್ಲಿಯೇ ತೆಗೆಸಿಟ್ಟುಕೊಳ್ಳಿ. ಪ್ರತಿಗಳನ್ನು ಎಣಿಸುವಾಗ ಬೆಂಗಳೂರು ಮತ್ತು ಹುಬ್ಬಳ್ಳಿಯ ಮನೆಗಳಿಗೂ ಒಂದೊಂದನ್ನು ಸೇರಿಸಿ ಹೇಳಿ. ಆಮೇಲೆ ಒಂದೇ ಪ್ರತಿಗಾಗಿ ಮತ್ತೆ ಯಂತ್ರ ಹಚ್ಚಿಸಿದರೆ ಬಣ್ಣ ಮೊದಲಿನಂತೆಯೇ ಬರುತ್ತದೆಂಬ ಭರವಸೆ ಇಲ್ಲ.